ಚಕ್ಕಡಿಗಳ ಮುಖ ತಿರುಗಿಸಿದ ಹಳಿ: ಯಲವಿಗಿ, ಸವಣೂರು, ಕರ್ಜಗಿ ನಿಲ್ದಾಣಗಳು ಮತ್ತು ಅವುಗಳ ಹಿನ್ನಾಡು

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುಮಾರ್ಗವು ಕುಂದಗೋಳ, ಸಂಶಿ, ಗುಡಗೇರಿಗಳನ್ನು ದಾಟಿ ಇಂದಿನ ಹಾವೇರಿ ಜಿಲ್ಲೆಯೊಳಗೆ ಬಂದ ಮೇಲೆ ಯಲವಿಗಿ, ಸವಣೂರು, ಕರ್ಜಗಿ ಎಂಬ ಮೂರು ಸಣ್ಣ ನಿಲ್ದಾಣಗಳು ಒಂದರ ಹಿಂದೊಂದು ಎದುರಾಗುತ್ತವೆ. ಆಮೇಲೆ ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರುಗಳು ಬರುತ್ತವೆ. ಈ ಹಳಿಯ ಪಶ್ಚಿಮಕ್ಕೆ ಹರಡಿರುವ ನಾಡಿನಲ್ಲಿ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಎಂಬ ಮೂರು ಹಳೆಯ ತಾಲೂಕು ಕೇಂದ್ರಗಳಿವೆ, ಮೂರಕ್ಕೂ ಸ್ವಂತ ನಿಲ್ದಾಣವಿಲ್ಲ. ನಾಲ್ಕನೆಯದಾದ ಸವಣೂರಿಗೆ ತನ್ನ ಹೆಸರಿನ ನಿಲ್ದಾಣವೇನೋ ಇದೆ, ಆದರೆ ಅದು ಪಟ್ಟಣದಿಂದ ಹಲವು ಮೈಲು ಪೂರ್ವಕ್ಕೆ, ಎರೆಹೊಲಗಳ ನಡುವೆ ನಿಂತಿದೆ. ರೈಲಿನ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಹಳಿಯ ಮೇಲಿನ ಊರುಗಳನ್ನೇ ಎಣಿಸುತ್ತ ಹೋಗಿರುವುದರಿಂದ ಹಳಿಯಿಂದ ಒಂದು ಹರದಾರಿಯೋ ಹತ್ತು ಹರದಾರಿಯೋ ದೂರದಲ್ಲಿ ಉಳಿದ ಊರುಗಳು ಆ ಕಥನದಿಂದ ಹೊರಗೇ ನಿಂತವು. ಸಣ್ಣ ನಿಲ್ದಾಣದ ನಿಜವಾದ ಇತಿಹಾಸ ಇರುವುದು ಅದರ ಕಟ್ಟಡದಲ್ಲಿ ಅಲ್ಲ, ಅದರತ್ತ ಬಂದು ಸೇರುವ ಬಂಡಿದಾರಿಗಳಲ್ಲಿ; ಆ ದಾರಿಗಳನ್ನು ಹಿಂಬಾಲಿಸಿ ನೋಡಿದರೆ, ರೈಲನ್ನೇ ಕಾಣದ ಹಾನಗಲ್ಲಿನ ಬದುಕನ್ನೂ ರೈಲು ಎಷ್ಟು ಆಳವಾಗಿ ಬದಲಿಸಿತೆಂಬುದು ಗೊತ್ತಾಗುತ್ತದೆ.

ಹಳಿ ಬರುವ ಮೊದಲು ಈ ನಾಡಿನ ವ್ಯಾಪಾರದ ಮುಖ ಪಶ್ಚಿಮಕ್ಕಿತ್ತು. ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ ಹತ್ತಿ, ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನು ಇಳಿದು ಕುಮಟೆಯ ಬಂದರಿಗೆ ಸೇರುತ್ತಿತ್ತು, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡದಲ್ಲಿ, ಆದರೆ ಮುಂಬಯಿಯ ಹತ್ತಿಪೇಟೆಯಲ್ಲಿ ಆ ಸರಕಿಗೆ ಬಂದ ಹೆಸರು ‘ಕುಮಟಾ’ ಎಂಬುದೇ; ಹಡಗು ಏರಿದ ಊರಿನ ಹೆಸರು ಬೆಳೆದ ಊರಿನ ಹೆಸರನ್ನು ನುಂಗಿಹಾಕಿತ್ತು. 1861ರಿಂದ 1865ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದೆ ಹೋದಾಗ ಧಾರವಾಡದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಅದೇ ಹೊತ್ತಿನಲ್ಲಿ, ಎಂದರೆ 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಕಾರವಾರದ ಬಂದರು ಮತ್ತು ಅಲ್ಲಿಗೆ ಇಳಿಯಬೇಕಾದ ಹತ್ತಿಯ ಬಗ್ಗೆ ಮುಂಬಯಿಯ ವ್ಯಾಪಾರಿಗಳಿಗಿದ್ದ ಆಸಕ್ತಿಯೇ ಮುಖ್ಯವಾಗಿತ್ತು. ಕನ್ನಡ ನಾಡಿನ ಆಡಳಿತದ ಗಡಿಯೊಂದು ಹತ್ತಿಯ ಅಂಡಿಗೆಗಳ ದಾರಿಯನ್ನು ಹಿಡಿದು ಸರಿದ ಈ ಪ್ರಸಂಗಕ್ಕೆ ನಮ್ಮ ಏಕೀಕರಣದ ಇತಿಹಾಸಗಳಲ್ಲಿ ಸಿಕ್ಕಿರುವ ಸ್ಥಳ ಬಹಳ ಕಡಿಮೆ.

ಇಂಥ ವ್ಯವಸ್ಥೆಯಲ್ಲಿ ಹಾನಗಲ್ ಮೂಲೆಯ ಊರಾಗಿರಲಿಲ್ಲ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಮೊದಲಾಗುವ ಕಡೆ, ಶಿರಸಿಯತ್ತ ಹೋಗುವ ದಾರಿಯಲ್ಲಿ ಅದು ನಿಂತಿತ್ತು. ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿ ಶಾಸನಗಳಲ್ಲಿ ಪಾನುಂಗಲ್ಲು ಎನಿಸಿಕೊಂಡು ತಾರಕೇಶ್ವರ ದೇವಾಲಯದಂಥ ದೊಡ್ಡ ಕಟ್ಟಡವನ್ನು ಅದು ಪಡೆದುದರಲ್ಲೂ ಈ ನೆಲೆಯ ಪಾತ್ರವಿದೆ. ಘಟ್ಟದ ಕೆಳಗಿನಿಂದ ಉಪ್ಪು, ತೆಂಗಿನಕಾಯಿಗಳು ಮೇಲಕ್ಕೆ ಬರುತ್ತಿದ್ದವು. ಮೇಲಿನಿಂದ ಹತ್ತಿ, ಕಾಳುಕಡಿ, ಮೆಣಸಿನಕಾಯಿಗಳು ಕೆಳಗಿಳಿಯುತ್ತಿದ್ದವು. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿದ್ದುದರಿಂದ ವ್ಯಾಪಾರವೆಲ್ಲ ಸುಗ್ಗಿ ಮುಗಿದ ಮೇಲಿನ ಕೆಲವು ತಿಂಗಳುಗಳಿಗೆ ಸೀಮಿತವಾಗಿತ್ತು, ಆ ತಿಂಗಳುಗಳಲ್ಲಿ ರೈತನೇ ಬಂಡಿ ಹೂಡಿಕೊಂಡು ಬಾಡಿಗೆಗೆ ಹೊರಡುತ್ತಿದ್ದನು. ಹೀಗೆ ಚಕ್ಕಡಿ, ಎಂದರೆ ಉತ್ತರ ಕರ್ನಾಟಕದ ಎತ್ತಿನ ಬಂಡಿ, ಒಕ್ಕಲುತನದ ಸಾಧನವಾಗಿದ್ದಂತೆಯೇ ನಗದು ಆದಾಯದ ಮೂಲವೂ ಆಗಿದ್ದಿತು.

ಈ ಏರ್ಪಾಡಿನ ದೌರ್ಬಲ್ಯವು 1876–78ರ ಮಹಾಬರದಲ್ಲಿ ಬಯಲಾಯಿತು. ಆಗ ಉಗಿಬಂಡಿಯು ಪೂರ್ವದಲ್ಲಿ ರಾಯಚೂರು, ಬಳ್ಳಾರಿಗಳವರೆಗೆ ಬಂದಿತ್ತೇ ಹೊರತು ಧಾರವಾಡ ಜಿಲ್ಲೆಯನ್ನು ಮುಟ್ಟಿರಲಿಲ್ಲ. ಹೊರಗಿನಿಂದ ತರಿಸಿದ ಧಾನ್ಯ ಕಾರವಾರ, ಕುಮಟೆಗಳಲ್ಲಿ ಇಳಿದರೂ ಅದನ್ನು ಘಟ್ಟ ಹತ್ತಿಸಿ ತರಬೇಕಾದ ಎತ್ತುಗಳು ಮೇವು-ನೀರಿಲ್ಲದೆ ಸಾಯುತ್ತಿದ್ದವು. ಬರದಲ್ಲಿ ಮೊದಲು ಸಾಯುವುದು ಎತ್ತು, ಎತ್ತು ಸತ್ತರೆ ದಾರಿಯೇ ಸತ್ತಂತೆ. ಬಂದರಿನಲ್ಲಿ ಅಕ್ಕಿ ಇದ್ದೂ ಬಯಲಿನ ಜನ ಹಸಿವಿನಿಂದ ಸಾಯಬೇಕಾಗಿ ಬಂದ ದುರಂತಕ್ಕೆ ಇದೂ ಒಂದು ಕಾರಣವಾಯಿತು. 1880ರಲ್ಲಿ ವರದಿ ಕೊಟ್ಟ ಬರಗಾಲದ ಆಯೋಗವು, ಲಾಭದ ಲೆಕ್ಕ ನೋಡದೆ ಬರಪೀಡಿತ ಪ್ರದೇಶಗಳನ್ನು ಕಾಪಾಡಲೆಂದೇ ಹಾಕುವ ‘ರಕ್ಷಕ ಮಾರ್ಗ’ಗಳನ್ನು ನಿರ್ಮಿಸಬೇಕೆಂದು ಒತ್ತಿ ಹೇಳಿತು. ಆ ಉದ್ದೇಶದಿಂದಲೇ 1882ರಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಹುಬ್ಬಳ್ಳಿಯಲ್ಲಿ 1885ರಲ್ಲಿ ಅದರ ಕಾರ್ಖಾನೆ ನೆಲೆಗೊಂಡಿತು. ಅದೇ ದಶಕದ ಉತ್ತರಾರ್ಧದಲ್ಲಿ ಹುಬ್ಬಳ್ಳಿ–ಹರಿಹರ ಮಾರ್ಗವೂ ತೆರೆದು, ತುಂಗಭದ್ರೆಯ ಆಚೆಗೆ ಮೈಸೂರು ಸಂಸ್ಥಾನದ ಹಳಿಯನ್ನು ಸೇರಿ, 1890ರ ಸುಮಾರಿಗೆ ಪುಣೆ–ಬೆಂಗಳೂರುಗಳ ನಡುವೆ ನೇರ ಸಂಪರ್ಕ ಏರ್ಪಟ್ಟಿತು. ಅನ್ನ ಸಾಗಿಸಲೆಂದು ಹುಟ್ಟಿದ ಹಳಿ ಬಹುಬೇಗ ಹತ್ತಿ ಸಾಗಿಸುವ ಹಳಿಯಾಯಿತೆಂಬುದನ್ನೂ ಇಲ್ಲಿಯೇ ಹೇಳಬೇಕು.

ಈ ಮಾರ್ಗಕ್ಕೆ ಮೀಟರ್‌ಗೇಜ್ ಅಳತೆಯನ್ನು ಆರಿಸಿಕೊಳ್ಳಲಾಯಿತು. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ಭಾರತದ ಮೊದಲ ಮಾರ್ಗಗಳ ಅಗಲ 1,676 ಮಿಲಿಮೀಟರು ಇದ್ದರೆ, ಖರ್ಚು ಉಳಿಸಲೆಂದು 1870ರಲ್ಲಿ ವೈಸರಾಯ್ ಮೇಯೊನ ಸರ್ಕಾರ ಒಪ್ಪಿದ ಕಿರಿಯ ಅಳತೆ ಸರಿಯಾಗಿ ಒಂದು ಮೀಟರು. ಜಪಾನ್ ದೇಶವೂ 1872ರಲ್ಲಿ ಟೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ತನ್ನ ಮೊದಲ ರೈಲನ್ನು ಓಡಿಸಿದಾಗ 1,067 ಮಿಲಿಮೀಟರಿನ ಕಿರಿಯ ಹಳಿಯನ್ನೇ ಆರಿಸಿಕೊಂಡಿತ್ತು. ಕಿರಿಯ ಹಳಿಗೆ ನೆಲ ಕಡಿಮೆ ಸಾಕು, ಸೇತುವೆ ಹಗುರವಿದ್ದರೆ ಸಾಕು, ತಿರುವು ಇಕ್ಕಟ್ಟಾಗಿದ್ದರೂ ನಡೆಯುತ್ತದೆ. ಹಾಗಾಗಿ ಎರಡೂ ದೇಶಗಳಲ್ಲಿ ರೈಲು ಹಳ್ಳಿಯ ಹೊಲಗಳೊಳಗೆ ನುಗ್ಗಿ ಹೋದುದು ಬಹುಮಟ್ಟಿಗೆ ಈ ಅಗ್ಗದ ಅಳತೆಯಿಂದಲೇ.

ಪುಣೆ–ಬೆಂಗಳೂರಿನ ಹಳೆಯ ಹೆದ್ದಾರಿ ಹುಬ್ಬಳ್ಳಿಯಿಂದ ಶಿಗ್ಗಾವಿ, ಬಂಕಾಪುರಗಳ ಮೇಲೆ ಹಾವೇರಿಗೆ ಬರುತ್ತದೆ. ರೈಲು ಮಾತ್ರ ಆ ದಾರಿಯನ್ನು ಬಿಟ್ಟು ಪೂರ್ವದ ಸಮತಟ್ಟಾದ ಎರೆಸೀಮೆಯನ್ನು ಹಿಡಿಯಿತು. ಹತ್ತಿ ಬೆಳೆಯುತ್ತಿದ್ದ ನೆಲವೂ ಅದೇ. ಆದ್ದರಿಂದ ಶತಮಾನಗಳಿಂದ ದೊಡ್ಡ ದಾರಿಯ ಮೇಲಿದ್ದ ಬಂಕಾಪುರ, ಶಿಗ್ಗಾವಿಗಳು ಒಮ್ಮೆಲೇ ಪಕ್ಕಕ್ಕೆ ಸರಿದವು, ಹೆಸರಿಲ್ಲದ ಯಲವಿಗಿ ವೇಳಾಪಟ್ಟಿಯ ಪುಸ್ತಕದಲ್ಲಿ ಅಚ್ಚಾಯಿತು. ಹಳಿ ಹಾಯ್ದ ನೆಲವೂ ಒಬ್ಬ ಒಡೆಯನದಾಗಿರಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು, ಯಲವಿಗಿಯ ಪೂರ್ವದ ಲಕ್ಷ್ಮೇಶ್ವರ ಮಿರಜದ ಪಟವರ್ಧನರದಾಗಿತ್ತು, ಪಶ್ಚಿಮದ ಸವಣೂರು ನವಾಬರದು, ನಡುನಡುವೆ ಇಂಗ್ಲಿಷರ ಧಾರವಾಡ ಜಿಲ್ಲೆಯ ಹಳ್ಳಿಗಳು. ಹರಕು ಕೌದಿಯಂತೆ ತೇಪೆ ತೇಪೆಯಾಗಿದ್ದ ಈ ಸೀಮೆಯನ್ನು ಮೊದಲ ಬಾರಿಗೆ ಒಂದೇ ದಾರದಿಂದ ಹೊಲಿದದ್ದು ರೈಲುಹಳಿ. ಸಂಸ್ಥಾನಗಳ ನೆಲದಲ್ಲಿಯೂ ಹಳಿ ಹಾಯ್ದ ಪಟ್ಟಿಯ ಮೇಲಿನ ನ್ಯಾಯಾಧಿಕಾರವನ್ನು ಇಂಗ್ಲಿಷ್ ಸರ್ಕಾರ ತಾನೇ ಪಡೆದುಕೊಳ್ಳುತ್ತಿತ್ತಾದ್ದರಿಂದ ಅದು ಆಳುವವರ ಹಿಡಿತವನ್ನು ಬಿಗಿಗೊಳಿಸಿದ ದಾರವೂ ಆಗಿತ್ತು.

ಸಣ್ಣ ನಿಲ್ದಾಣಗಳು ಏಕೆ ಹುಟ್ಟಿದವು ಎಂಬ ಪ್ರಶ್ನೆಗೆ ‘ಊರಿನವರಿಗಾಗಿ’ ಎಂಬ ಉತ್ತರ ಅರ್ಧ ಮಾತ್ರ ಸರಿ. ಒಂಟಿ ಹಳಿಯ ಮಾರ್ಗದಲ್ಲಿ ಎದುರು ಬದುರಾಗಿ ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಿಹೋಗಬೇಕಾದರೆ ಅಲ್ಲಲ್ಲಿ ಹಳಿ ಎರಡಾಗಿ ಕವಲೊಡೆದು ಮತ್ತೆ ಒಂದಾಗುವ ಜಾಗ ಬೇಕು. ಹೀಗೆ ಪಕ್ಕದಲ್ಲಿ ಬಾಗಿ ಬರುವ ಎರಡನೆಯ ಹಳಿಯನ್ನು ಲೂಪ್ ಎನ್ನುತ್ತಾರೆ. ಹಾಗಾಗಿ ಹತ್ತಿರದಲ್ಲಿ ಊರಿರಲಿ ಇಲ್ಲದಿರಲಿ, ಕೆಲವು ಮೈಲುಗಳಿಗೊಂದು ನಿಲ್ದಾಣ ಇರಲೇಬೇಕಾಗಿತ್ತು, ಸವಣೂರಿನ ನಿಲ್ದಾಣ ಪಟ್ಟಣವನ್ನು ಬಿಟ್ಟು ಹೊಲಗಳ ನಡುವೆ ನಿಂತಿರುವುದಕ್ಕೂ ಹಳಿಯ ಈ ಲೆಕ್ಕಾಚಾರವೇ ಆಧಾರ. ಎರಡು ನಿಲ್ದಾಣಗಳ ನಡುವಿನ ಹಳಿಯ ತುಂಡಿಗೆ ಬ್ಲಾಕ್ ಎಂದು ಹೆಸರು. ಒಂದು ಬ್ಲಾಕಿನೊಳಗೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕೆಂಬುದು ರೈಲಿನ ಮೊದಲ ಧರ್ಮ. ಆ ಧರ್ಮವನ್ನು ಕಾಯುತ್ತಿದ್ದುದು ಟೋಕನ್ ಎಂಬ ಗುರುತು. ದಕ್ಷಿಣದ ಮೀಟರ್‌ಗೇಜ್ ಮಾರ್ಗಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟೋಕನ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ಗುಂಡು, ಅದರ ಮೇಲೆ ಎರಡು ನಿಲ್ದಾಣಗಳ ಹೆಸರಿನ ಗುರುತು ಕೊರೆದಿರುತ್ತಿತ್ತು. ಎರಡೂ ಕಡೆಯ ಸ್ಟೇಷನ್ ಮಾಸ್ತರರು ತಂತಿಯ ಮೇಲೆ ಗಂಟೆ ಬಾರಿಸಿ ಒಪ್ಪಿಗೆ ಕೊಟ್ಟುಕೊಂಡ ಹೊರತು ಯಂತ್ರವು ಗುಂಡನ್ನು ಹೊರಗೆ ಬಿಡುತ್ತಿರಲಿಲ್ಲ, ಒಂದು ಗುಂಡು ಹೊರಬಿದ್ದ ಮೇಲೆ ಎರಡೂ ಕಡೆಯ ಯಂತ್ರಗಳು ಬೀಗ ಬಿದ್ದಂತೆ ನಿಂತುಬಿಡುತ್ತಿದ್ದವು. ನಿಲ್ಲದೆ ಹೋಗುವ ಮೇಲ್ ಗಾಡಿಗೆ ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕೈ ಮೇಲೆತ್ತಿ ನಿಂತ ಪಾಯಿಂಟ್ಸ್‌ಮನ್, ಎಂದರೆ ಹಳಿಯ ಕವಲು ತಿರುಗಿಸುವ ಕೆಲಸಗಾರ, ಹಿಡಿದುಕೊಂಡಿರುತ್ತಿದ್ದನು. ಓಡುವ ಎಂಜಿನ್ನಿನಿಂದ ಹೊರಕ್ಕೆ ಚಾಚಿದ ತೋಳು ಬಳೆಯೊಳಗೆ ತೂರಿ ಅದನ್ನು ಸೆಳೆದುಕೊಳ್ಳುತ್ತಿತ್ತು, ಹಿಂದಿನ ಬ್ಲಾಕಿನ ಬಳೆ ಅದೇ ಕ್ಷಣದಲ್ಲಿ ಜಲ್ಲಿಯ ಮೇಲೆ ಬೀಳುತ್ತಿತ್ತು. ರಾತ್ರಿ, ಮಳೆ, ಗಾಳಿ ಏನೇ ಇದ್ದರೂ ದಿನಕ್ಕೆ ಹಲವು ಸಲ ನಡೆಯುತ್ತಿದ್ದ ಈ ಕೆಲಸದಲ್ಲಿ ನೂರಾರು ಜೀವಗಳ ಹೊಣೆ ಒಬ್ಬ ಬಡ ನೌಕರನ ತೋಳಿನ ಮೇಲಿತ್ತು.

ಪ್ರಯಾಣಿಕರಿಗೆ ಕಾಣುತ್ತಿದ್ದ ನಿಲ್ದಾಣ ಇದಕ್ಕಿಂತ ಸರಳವಾದದ್ದು: ಮಾಸ್ತರರ ಕೋಣೆ, ಟಿಕೀಟಿನ ಕಿಂಡಿ, ಕಲ್ಲುಹಾಸಿನ ಪಡಸಾಲೆ, ಒಂದು ಬಾವಿ, ನಾಲ್ಕಾರು ಬೇವಿನ ಮರ. ಕಿಂಡಿಯಿಂದ ಹೊರಬರುತ್ತಿದ್ದ ಟಿಕೀಟು ಎರಡೂಕಾಲು ಇಂಚು ಉದ್ದದ ದಪ್ಪ ರಟ್ಟಿನ ಚೂರು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ 1830ರ ದಶಕದಲ್ಲಿ ರೂಪಿಸಿದ ಈ ಮಾದರಿ ಒಂದೂವರೆ ಶತಮಾನ ಜಗತ್ತಿನೆಲ್ಲೆಡೆ ನಡೆಯಿತು. ಪ್ರತಿ ಟಿಕೀಟಿನ ಮೇಲೂ ಸರಣಿ ಸಂಖ್ಯೆ ಮೊದಲೇ ಅಚ್ಚಾಗಿರುತ್ತಿತ್ತು, ಕೊಡುವಾಗ ಕಬ್ಬಿಣದ ಪುಟ್ಟ ಯಂತ್ರದ ಸೀಳಿಗೆ ಸಿಕ್ಕಿಸಿ ಟಕ್ಕೆಂದು ತಾರೀಖು ಒತ್ತುತ್ತಿದ್ದರು, ಮಕ್ಕಳ ಅರ್ಧ ಟಿಕೀಟಿಗೆ ಅದರ ಒಂದು ಮೂಲೆಯನ್ನು ಕತ್ತರಿಸಿ ಕೊಡುತ್ತಿದ್ದರು. ಸಂಜೆ ಕೊನೆಯ ಸಂಖ್ಯೆಯಲ್ಲಿ ಮೊದಲ ಸಂಖ್ಯೆಯನ್ನು ಕಳೆದರೆ ಎಷ್ಟು ಜನ ಎಲ್ಲಿಗೆ ಹೋದರೆಂಬ ಲೆಕ್ಕ ತಾನಾಗಿ ಸಿಗುತ್ತಿತ್ತು. ಯಲವಿಗಿ, ಕರ್ಜಗಿಗಳಂಥ ನಿಲ್ದಾಣದ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಈ ರಟ್ಟುಗಳ ಮೇಲಿನ ಹೆಸರುಗಳೇ ಆ ಸೀಮೆಯ ಜನರು ಮುಟ್ಟಬಲ್ಲ ಲೋಕದ ಭೂಪಟವಾಗಿದ್ದವು.

ಜನರಿಗಿಂತ ಸರಕೇ ದೊಡ್ಡದಾಗಿದ್ದ ಕಾಲವದು. ಹಳಿ ಬಂದ ಕೆಲವೇ ವರ್ಷಗಳಲ್ಲಿ ಚಕ್ಕಡಿಗಳು ಮುಖ ತಿರುಗಿಸಿದವು: ಪಶ್ಚಿಮದ ಘಟ್ಟದತ್ತ ಹೋಗುತ್ತಿದ್ದ ಹತ್ತಿ ಪೂರ್ವದ ನಿಲ್ದಾಣಗಳಿಗೆ ಬಂದು, ಅಲ್ಲಿಂದ ಹುಬ್ಬಳ್ಳಿಯ ಗಿರಣಿಗಳಿಗೂ, 1888ರಲ್ಲಿ ಗೋವೆಯ ರೈಲು ತೆರೆದ ಮೇಲೆ ಮುರಗಾವ್ ಬಂದರಿಗೂ ಹೋಗತೊಡಗಿತು. ಕುಮಟೆಯ ಬಂದರು ಆ ಏಟಿನಿಂದ ಮತ್ತೆ ಚೇತರಿಸಿಕೊಳ್ಳಲಿಲ್ಲ. ಶಿರಸಿಯ ದಾರಿಯ ಮೇಲಿದ್ದ ಹಾನಗಲ್ ನಡುದಾರಿಯ ಊರಾಗಿದ್ದುದು ದಾರಿಯ ಕೊನೆಯ ಊರಾಯಿತು. ಅದರ ಬತ್ತ, ಬೆಲ್ಲ, ಮಾವಿನಹಣ್ಣುಗಳು ಈಗ ಹಾವೇರಿಯ ಕಡೆಗೆ ಹೊರಟವು. ಹಿರೇಕೆರೂರಿನ ಬಂಡಿಗಳು ಬ್ಯಾಡಗಿ, ರಾಣೆಬೆನ್ನೂರುಗಳಿಗೆ ನಡೆದವು. ಶಿಗ್ಗಾವಿಯವರಿಗೆ ಉತ್ತರಕ್ಕೆ ಹುಬ್ಬಳ್ಳಿ, ಪೂರ್ವಕ್ಕೆ ಯಲವಿಗಿ ಎಂದು ಎರಡು ಬಾಗಿಲುಗಳಿದ್ದವು. ಹೀಗೆ ಪ್ರತಿ ನಿಲ್ದಾಣಕ್ಕೂ ಒಂದೊಂದು ಹಿನ್ನಾಡು, ಎಂದರೆ ಬೆನ್ನ ಹಿಂದೆ ನಿಂತು ಅದನ್ನು ಪೋಷಿಸುವ ಹಳ್ಳಿಗಳ ಸೀಮೆ, ಕ್ರಮೇಣ ಗೊತ್ತಾಯಿತು. ನಿಲ್ದಾಣದ ಬದಿಗೆ ಸರಕಿನ ಶೆಡ್ಡು, ಶೆಡ್ಡಿನ ಹೊರಗೆ ಎತ್ತು ಬಿಟ್ಟು ಮೇವು ಹಾಕುವ ಬಯಲು, ಬಯಲಿನ ಅಂಚಿಗೆ ಚಹಾದ ಅಂಗಡಿ, ಆಮೇಲೆ ಅಡತಿಯವರ, ಎಂದರೆ ರೈತನ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವವರ ಗಾದಿ. ಪೇಟೆಯ ಬೆಲೆ ತಂತಿಯ ಮೇಲೆ ನಿಲ್ದಾಣಕ್ಕೆ ಬರುತ್ತಿತ್ತು. ಅದು ಮೊದಲು ಯಾರ ಕಿವಿಗೆ ಬೀಳುತ್ತಿತ್ತೋ ಅವರೇ ಗೆಲ್ಲುತ್ತಿದ್ದರು, ಮತ್ತು ಆ ಕಿವಿ ರೈತನದಾಗಿರುವುದು ಅಪರೂಪವಾಗಿತ್ತು.

ಹಾವೇರಿ ಬೆಳೆದ ಬಗೆಯೂ ಇದರೊಂದಿಗೆ ಕೂಡಿಕೊಂಡಿದೆ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿನ ಬಾವಿಯ ನೀರಿನಲ್ಲಿ ಅಂಟುವಾಳದ ನೊರೆಯೊಂದಿಗೆ ತೊಳೆದು, ಬಿಳುಪು ಬರಿಸಿ, ಒಣಗಿಸಿ ಮಾರುವ ಕಸುಬು ರೈಲಿಗಿಂತ ಹಳೆಯದು. ಇಂದಿಗೂ ಹಾವೇರಿಯ ಏಲಕ್ಕಿ ಹಾರ ಆ ನೆನಪನ್ನು ಹೊತ್ತಿದೆ. ಬ್ಯಾಡಗಿಯ ಕೆಂಪು ಸುಕ್ಕು ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ಅದರ ಹೆಸರು ದೇಶವೆಲ್ಲ ಹರಡಿದುದರಲ್ಲಿ ಹಳಿಯ ಪಾಲೂ ಇದೆ. ಆಗಿನ ತಾಲೂಕುಗಳ ಹೆಸರುಗಳೂ ಒಂದು ವಿಚಿತ್ರವನ್ನು ತೋರಿಸುತ್ತವೆ. ಇಂಗ್ಲಿಷರ ಕಾಲದಲ್ಲಿ ತಾಲೂಕಿನ ಹೆಸರು ಕರ್ಜಗಿ, ಕಚೇರಿ ಹಾವೇರಿಯಲ್ಲಿ. ಹೆಸರು ಬಂಕಾಪುರ, ಕಚೇರಿ ಶಿಗ್ಗಾವಿಯಲ್ಲಿ. ಹೆಸರು ಕೋಡ, ಕಚೇರಿ ಹಿರೇಕೆರೂರಿನಲ್ಲಿ. ಹಳೆಯ ಪ್ರತಿಷ್ಠೆ ಒಂದೂರಿನಲ್ಲಿ ಉಳಿದು ಅಧಿಕಾರ ಇನ್ನೊಂದೂರಿಗೆ ಸರಿದ ಗುರುತಿದು. ವರದಾ ನದಿಯ ದಡದ ಕರ್ಜಗಿ ಹೀಗೆ ತನ್ನ ಕಚೇರಿಯನ್ನೂ ಕೊನೆಗೆ ತಾಲೂಕಿನ ಹೆಸರನ್ನೂ ಕಳೆದುಕೊಂಡಿತು. ಅದರ ಹಳೆಯ ಮರ್ಯಾದೆಗೆ ಸಾಕ್ಷಿಯಾಗಿ ಉಳಿದದ್ದು ರೈಲು ನಿಲ್ದಾಣದ ಫಲಕವೊಂದೇ.

ಸವಣೂರಿನ ನಿಲ್ದಾಣಕ್ಕೆ ಬೇರೆಯೇ ಬಣ್ಣವಿತ್ತು. ಸುಮಾರು 70 ಚದರ ಮೈಲು ವಿಸ್ತೀರ್ಣದ, 1901ರ ಜನಗಣತಿಯಲ್ಲಿ 18,446 ಜನರಿದ್ದ ಪುಟ್ಟ ಸಂಸ್ಥಾನದ ಹೆಸರನ್ನು ಅದು ಹೊತ್ತಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಅಲ್ಲಿ ಇಳಿದವರು ನವಾಬರ ಊರಿಗೆ ಹೋಗುವವರಾಗಿದ್ದರು. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ಸವಣೂರಿನಲ್ಲಿಯೇ ವೃಂದಾವನಸ್ಥರಾದುದರಿಂದ ಅವರ ಆರಾಧನೆಗೆ ಮಹಾರಾಷ್ಟ್ರದಿಂದಲೂ ಮೈಸೂರಿನ ಕಡೆಯಿಂದಲೂ ಬರುವ ಭಕ್ತರಿಗೆ ಪುಣೆ–ಬೆಂಗಳೂರು ಮಾರ್ಗವೇ ಅನುಕೂಲವಾಯಿತು. ಸವಣೂರಿನ ತೋಟಗಳ ವೀಳ್ಯದೆಲೆ ಹೆಸರುವಾಸಿಯಾದುದು. ಎಲೆ ಹತ್ತಿಯಂತಲ್ಲ, ಕಾಯುವುದಿಲ್ಲ. ಕೊಯ್ದ ಎಲೆಯನ್ನು ಹಸಿ ಬಾಳೆಪಟ್ಟೆಯ ನಡುವೆ ಒತ್ತಾಗಿ ಜೋಡಿಸಿ, ನೀರು ಚಿಮುಕಿಸಿ, ಬುಟ್ಟಿ ಕಟ್ಟಿ ದೂರದ ಪೇಟೆಗೆ ಬೇಗ ಮುಟ್ಟಿಸಬೇಕು. ಇಂಥ ಬೇಗ ಬಾಡುವ ಮಾಲಿಗೆ ವೇಳೆಗೆ ಸರಿಯಾಗಿ ಬರುವ ಗಾಡಿ ಎಷ್ಟು ದೊಡ್ಡ ವರವೆಂಬುದನ್ನು ಎಲೆಬಳ್ಳಿಯ ತೋಟದವರಷ್ಟು ಬಲ್ಲವರು ಬೇರೆ ಇರಲಾರರು.

ಈ ಹಳಿಯ ಮೇಲೆ ಸಂಗೀತವೂ ಸಂಚರಿಸಿತು, ಇದು ಸಣ್ಣ ಸಂಗತಿಯಲ್ಲ. ಮಿರಜದಲ್ಲಿ ನೆಲೆಸಿದ್ದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಧಾರವಾಡ ಸೀಮೆಗೂ ಮೈಸೂರಿಗೂ ಬಂದು ಹೋಗುತ್ತಿದ್ದ ಕಾಲದಲ್ಲಿ ಕುಂದಗೋಳದ ನಾಡಗೀರ ವಾಡೆಯಲ್ಲಿ ಅವರ ಗಾಯನ ನಡೆಯುತ್ತಿತ್ತು, ಅದೇ ಊರಿನ ರಾಮಚಂದ್ರ ಕುಂದಗೋಳಕರರು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿಕೊಂಡರು. ಖಾನರು 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೋಗುವಾಗ ದಾರಿಯಲ್ಲಿ ಅಸ್ವಸ್ಥರಾಗಿ ಮದ್ರಾಸಿನ ಸಮೀಪದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅದರ ಪ್ಲಾಟ್‌ಫಾರ್ಮಿನ ಮೇಲೆಯೇ ಕೊನೆಯುಸಿರೆಳೆದರು. ಅವರ ಶಿಷ್ಯಪರಂಪರೆ ಬೆಳೆದದ್ದು ಇನ್ನೊಂದು ಸಣ್ಣ ನಿಲ್ದಾಣದ ಆಸರೆಯಲ್ಲಿ. ತಮ್ಮ ಹೆಸರಿನಲ್ಲಿಯೇ ಹಾನಗಲ್ಲನ್ನು ಹೊತ್ತ, 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಪಾಠ ಮುಗಿಸಿ, ರೈಲಿನಲ್ಲಿಯೇ ಮರಳುತ್ತಿದ್ದರು; ಆಗ ಗುರುಗಳ ಮನೆಯಲ್ಲಿಯೇ ಇದ್ದು ಕಲಿಯುತ್ತಿದ್ದ ತರುಣ ಭೀಮಸೇನ ಜೋಶಿಯವರು ರಾತ್ರಿ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುತ್ತಿದ್ದರು. ಹೆಣ್ಣುಮಗಳೊಬ್ಬಳು ಕತ್ತಲಾದ ಮೇಲೆ ಒಂದೂರಿನಿಂದ ಇನ್ನೊಂದೂರಿಗೆ ವಿದ್ಯೆಗಾಗಿ ಹೋಗಿಬರುವುದನ್ನು ಚಕ್ಕಡಿಯ ಕಾಲದಲ್ಲಿ ಊಹಿಸುವುದೂ ಸಾಧ್ಯವಿರಲಿಲ್ಲ. ಈ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯನ್ನು ಕುರಿತ ಬರಹಗಳಲ್ಲಿ ಗುರುವಿಗೂ ಶಿಷ್ಯೆಗೂ ನಮಸ್ಕಾರ ಸಂದಿದೆ. ಅವರ ನಡುವೆ ನಿತ್ಯ ಓಡಾಡಿದ ಆ ಪ್ಯಾಸೆಂಜರ್ ಗಾಡಿಗೂ ಒಂದು ನಮಸ್ಕಾರ ಸಲ್ಲಬೇಕು. ಇದೇ ಹಳಿಯ ಗುಡಗೇರಿಗೆ ಹತ್ತಿರದ ಶಿಶುನಾಳದಲ್ಲಿ ಬಾಳಿದ, ತತ್ವಪದಗಳ ಕವಿ ಷರೀಫರು 1889ರಲ್ಲಿ ತೀರಿಕೊಂಡರಾದ್ದರಿಂದ, ಅವರ ಜೀವನದ ಕೊನೆಯ ವರ್ಷಗಳಲ್ಲಿ ಉಗಿಬಂಡಿಯ ಕೂಗು ಆ ಸೀಮೆಯ ಹೊಲಗಳ ಮೇಲೆ ಹಾಯತೊಡಗಿತ್ತು.

1942ರ ಚಲೇಜಾವ್ ಚಳವಳಿಯಲ್ಲಿ ಕರ್ನಾಟಕದ ಸಣ್ಣ ರೈಲು ನಿಲ್ದಾಣಗಳು, ತಂತಿಕಂಬಗಳು, ಅಂಚೆ ಕಚೇರಿಗಳು, ಚಾವಡಿಗಳು ಹೋರಾಟಗಾರರ ಗುರಿಯಾದುದಕ್ಕೆ ಕಾರಣ ಸ್ಪಷ್ಟ: ಹಳ್ಳಿಯವನಿಗೆ ಪರಕೀಯ ಸರ್ಕಾರ ಕಣ್ಣಿಗೆ ಕಾಣುತ್ತಿದ್ದುದು ಅಲ್ಲಿಯೇ. ಅದೇ ಹೋರಾಟದಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಿದ್ದ ಈ ವೀರನ ನೆನಪು ಹಾವೇರಿ ಸೀಮೆಯ ಮನೆಮನೆಯಲ್ಲಿ ಇನ್ನೂ ಹಸಿರಾಗಿದೆ.

ಈ ಹಳಿಯನ್ನು ಹಾಕಿದ ದಕ್ಷಿಣ ಮರಾಠಾ ರೈಲ್ವೆ ಕಂಪನಿಯ ಹೆಸರು, ಒಡೆತನಗಳು ಹಲವು ಬಾರಿ ಬದಲಾದವು. 1908ರಲ್ಲಿ ಅದು ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಯಾಯಿತು, 1944ರಲ್ಲಿ ಸರ್ಕಾರದ ಕೈಸೇರಿತು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು, 1966ರಲ್ಲಿ ಹುಟ್ಟಿದ ದಕ್ಷಿಣ ಮಧ್ಯ ರೈಲ್ವೆಗೆ ಹುಬ್ಬಳ್ಳಿ ವಿಭಾಗ ಹೋಯಿತು, 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಸಣ್ಣ ನಿಲ್ದಾಣದ ಜೀವನಕ್ಕೆ ಇವೆಲ್ಲಕ್ಕಿಂತ ಬಲವಾದ ಪೆಟ್ಟು ಕೊಟ್ಟದ್ದು ಲಾರಿ ಮತ್ತು ಡಾಂಬರು. ಹೆದ್ದಾರಿ ಅಗಲವಾದಂತೆ, ನೂರು ವರ್ಷ ಹಿಂದೆ ಪಕ್ಕಕ್ಕೆ ಸರಿದಿದ್ದ ಶಿಗ್ಗಾವಿ, ಬಂಕಾಪುರಗಳು ಮತ್ತೆ ದೊಡ್ಡ ದಾರಿಯ ಮೇಲಕ್ಕೆ ಬಂದವು, ಯಲವಿಗಿ ಪಕ್ಕದ ಊರಾಯಿತು. ಇದಕ್ಕೆ ಕೂಡಿಕೊಂಡು ರೈಲ್ವೆಯ ಸರಕು ನೀತಿಯೂ ಬದಲಾಯಿತು. ಹಿಂದೆ ರೈತನೋ ವ್ಯಾಪಾರಿಯೋ ನಾಲ್ಕು ಅಂಡಿಗೆ ತಂದರೂ ಅದನ್ನು ಬರೆದುಕೊಂಡು, ಒಂದೆರಡು ಡಬ್ಬಿ ತುಂಬಿದ ಮೇಲೆ ಬರುವ ಗೂಡ್ಸ್ ಗಾಡಿಗೆ ಜೋಡಿಸಿ ಕಳಿಸುತ್ತಿದ್ದರು. 1980ರ ದಶಕದಿಂದೀಚೆಗೆ ಆ ಬಿಡಿ ಸಾಗಾಣಿಕೆ ನಿಂತು, ನಲವತ್ತರಷ್ಟು ಡಬ್ಬಿಗಳ ಇಡೀ ಗಾಡಿಯನ್ನು ಒಂದೇ ಸರಕಿನಿಂದ ಒಂದೇ ಊರಿಗೆ ತುಂಬಿ ಕಳಿಸುವ, ರೇಕ್ ಎಂದು ಕರೆಯುವ ಪದ್ಧತಿ ಬಂದಿತು. ಇಷ್ಟುದ್ದದ ಗಾಡಿ ನಿಲ್ಲುವ ಹಳಿಯಾಗಲಿ, ಅಷ್ಟು ಮಾಲಾಗಲಿ ಸಣ್ಣ ನಿಲ್ದಾಣದಲ್ಲಿ ಇರಲಿಲ್ಲ. ಹತ್ತಿಯ ಶೆಡ್ಡುಗಳು ಬರಿದಾದವು. ಹೊರಕ್ಕೆ ಹೋಗುವ ಬೆಳೆಗಿಂತ ಒಳಕ್ಕೆ ಬರುವ ಗೊಬ್ಬರವೇ ಮುಖ್ಯವಾಗಿ, ಮುಂಗಾರಿನ ಹೊತ್ತಿಗೆ ಹಾವೇರಿಗೆ ಗೊಬ್ಬರದ ರೇಕ್ ಬಂತೇ ಇಲ್ಲವೇ ಎಂಬುದರ ಮೇಲೆ ನಾಲ್ಕು ತಾಲೂಕುಗಳ ಬಿತ್ತನೆ ನಿಂತಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ನಡೆದ ಗೋಲಿಬಾರಿನ ನೋವು ಆ ಅವಲಂಬನೆಯ ಆಳವನ್ನು ತೋರಿಸುತ್ತದೆ.

1990ರ ದಶಕದಲ್ಲಿ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಬಂದಿತು. ವೈಪಿ, ವೈಜಿ ಎಂಬ ಉಗಿ ಎಂಜಿನ್ನುಗಳ ಕಾಲ ಅದರೊಂದಿಗೆ ಮುಗಿಯಿತು, ನೀರಿನ ಕಂಬಗಳು ಒಣಗಿದವು. ಆಮೇಲೆ ಹುಬ್ಬಳ್ಳಿಯಿಂದ ಚಿಕ್ಕಜಾಜೂರಿನವರೆಗಿನ 190 ಕಿಲೋಮೀಟರಿನಲ್ಲಿ ಎರಡನೆಯ ಹಳಿ ಬಿತ್ತು, ವಿದ್ಯುತ್ ತಂತಿಯೂ ಬಂದಿತು. ಜೋಡಿ ಹಳಿಯಾದ ಮೇಲೆ ಎದುರಿನ ಗಾಡಿಗಾಗಿ ಕಾಯುವ ಪ್ರಸಂಗವೇ ಇಲ್ಲ. ಯಾವ ಕಾರಣಕ್ಕಾಗಿ ಸವಣೂರಿನ ಹೊಲದಲ್ಲಿ ನಿಲ್ದಾಣ ಕಟ್ಟಿದ್ದರೋ ಆ ಕಾರಣವೇ ಇಲ್ಲವಾಯಿತು. ಕ್ರಾಸಿಂಗಿಗೆಂದು ಅರ್ಧ ತಾಸು ನಿಂತ ಗಾಡಿಯ ಕಿಟಕಿಗೆ ಚುರುಮುರಿ, ಸೌತೆಕಾಯಿ, ಶೇಂಗಾ ಹಿಡಿದು ಬರುತ್ತಿದ್ದವರ ಬದುಕೂ ಆ ಕಾಯುವಿಕೆಯೊಂದಿಗೆ ಹೋಯಿತು. 2023ರ ಜೂನ್ 27ರಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಗಾಡಿ ಇದೇ ಹಳಿಯ ಮೇಲೆ ಓಡತೊಡಗಿತು. ಯಲವಿಗಿ, ಸವಣೂರು, ಕರ್ಜಗಿ ಮೂರನ್ನೂ ಅದು ನಿಲ್ಲದೆ ದಾಟುತ್ತದೆ. ಜಪಾನಿನ ಹಳ್ಳಿಗಾಡಿನಲ್ಲಿ ಇಂಥದೇ ಸ್ಥಿತಿ ಮೊದಲೇ ಬಂದಿತ್ತು: 1987ರಲ್ಲಿ ಅಲ್ಲಿನ ರಾಷ್ಟ್ರೀಯ ರೈಲ್ವೆ ಒಡೆದು ಖಾಸಗಿ ಕಂಪನಿಗಳಾದ ಸುತ್ತಿನ ವರ್ಷಗಳಲ್ಲಿ ಅನೇಕ ಕಿರುಮಾರ್ಗಗಳು ಮುಚ್ಚಿದವು, ಉಳಿದವುಗಳಲ್ಲಿ ನೂರಾರು ನಿಲ್ದಾಣಗಳು ಸಿಬ್ಬಂದಿಯಿಲ್ಲದ ನಿಲ್ದಾಣಗಳಾದವು, ಹೊಕ್ಕೈಡೊ ದ್ವೀಪದ ಕ್ಯೂ-ಶಿರತಾಕಿ ಎಂಬ ಮರದ ಗುಡಿಸಿಲಿನಂಥ ನಿಲ್ದಾಣ 2016ರ ಮಾರ್ಚಿನಲ್ಲಿ ಮುಚ್ಚಿದಾಗ ಜಗತ್ತಿನ ಪತ್ರಿಕೆಗಳು ಅದನ್ನು ಬರೆದವು. ಅಲ್ಲಿ ಹಳ್ಳಿಗಳೇ ಖಾಲಿಯಾದುದರಿಂದ ನಿಲ್ದಾಣ ಖಾಲಿಯಾಯಿತು. ಹಾವೇರಿ ಸೀಮೆಯ ಹಳ್ಳಿಗಳು ತುಂಬಿಯೇ ಇವೆ. ಹುಬ್ಬಳ್ಳಿಗೆ ಕೂಲಿಗೂ ಕಾಲೇಜಿಗೂ ಆಸ್ಪತ್ರೆಗೂ ಹೋಗುವವರು ದಿನವೂ ಇದ್ದಾರೆ. 2020ರ ಮಾರ್ಚಿನಲ್ಲಿ ಕೊರೋನಾದ ಕಾರಣ ಪ್ಯಾಸೆಂಜರ್ ಗಾಡಿಗಳು ನಿಂತು, ಮತ್ತೆ ಹೊರಟಾಗ ಕೆಲಕಾಲ ಎಕ್ಸ್‌ಪ್ರೆಸ್ಸಿನ ದರ ತೆರಬೇಕಾಗಿ ಬಂದುದರ ಬಿಸಿ ತಟ್ಟಿದ್ದು ಇಂಥ ನಿಲ್ದಾಣಗಳಲ್ಲಿ ಹತ್ತುವ ಬಡವರಿಗೆ. ಸಣ್ಣ ನಿಲ್ದಾಣದ ಕ್ಷೀಣತೆಯನ್ನು ಕಾಲದ ಸಹಜ ನಡೆಯೆಂದು ಒಪ್ಪಿಕೊಳ್ಳುವವರು ಈ ಎರಡು ಸ್ಥಿತಿಗಳ ವ್ಯತ್ಯಾಸವನ್ನು ಗಮನಿಸಬೇಕು.

ಹಳಿಯ ಹೊಸ ಯೋಜನೆಗಳೂ ಈ ಸೀಮೆಯ ಅಂಚುಗಳನ್ನು ಮುಟ್ಟಿವೆ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಬರುವ ಮಾರ್ಗವು ಹಿಂದೆ ಹಿರೇಕೆರೂರು ತಾಲೂಕಿನಲ್ಲಿದ್ದ ರಟ್ಟೀಹಳ್ಳಿಯ ಸೀಮೆಯನ್ನು ಹಾಯಬೇಕಾಗಿದೆ. ತಾಳಗುಪ್ಪದಿಂದ ಶಿರಸಿಯ ಮೇಲೆ ಹುಬ್ಬಳ್ಳಿಗೆ ಹಳಿ ಬರಬೇಕೆಂಬ ಬೇಡಿಕೆ ಸಮೀಕ್ಷೆಗಳವರೆಗೆ ಹೋಗಿದೆ. ಗದಗದಿಂದ ಲಕ್ಷ್ಮೇಶ್ವರದ ಮೂಲಕ ಯಲವಿಗಿಗೆ ಬಂದು ಸೇರುವ ಮಾರ್ಗದ ಮಾತು ಬಹುಕಾಲದಿಂದ ನಡೆದಿದ್ದು, ಅದು ಕೈಗೂಡಿದ ದಿನ ಯಲವಿಗಿ ಎರಡು ಹಳಿಗಳು ಕೂಡುವ ಜಂಕ್ಷನ್ ಆಗುತ್ತದೆ. ಮಿರಜದ ಪಟವರ್ಧನರ ಲಕ್ಷ್ಮೇಶ್ವರದಿಂದ ಹತ್ತಿಯ ಬಂಡಿಗಳು ಎದ್ದು ಬರುತ್ತಿದ್ದ ದಿಕ್ಕಿನಿಂದಲೇ ರೈಲೂ ಬರುತ್ತದೆ. ಹಾನಗಲ್ಲಿನಿಂದ ರೈಲು ಹಿಡಿಯಬೇಕಾದವರು ಮಾತ್ರ ಇಂದಿಗೂ ಬಸ್ಸಿನಲ್ಲಿ ಪೂರ್ವಕ್ಕೆ ಮುಖಮಾಡಿ ಹಾವೇರಿಗೆ ಬರುತ್ತಾರೆ, ಅವರ ಮುತ್ತಜ್ಜಂದಿರ ಚಕ್ಕಡಿಗಳು ತಿರುಗಿದ್ದ ದಿಕ್ಕಿನಲ್ಲಿಯೇ.